ಬರ್ಕತ್ ಫೋಲ್ಡರಿನ ಮದುವೆಗಳು

ಜನವರಿ 5, ಸೋಮವಾರ

ಗುಲ್‌ಕಾರ್ ಇವತ್ತು ಬೆಳಗ್ಗೆ ಕೈಕೊಟ್ಟಿತು. ತೆರೆದರೆ ಒಂದು ಖಾಲಿ ಚೌಕ ತೋರಿಸಿ ಮಾಯವಾಗುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ ಕತೆ. ರಂಜಾನ್ ಹಿಡಿಯುವುದರೊಳಗೆ ಶಿವಾಜಿನಗರ, ಫ್ರೇಜರ್ ಟೌನಿನ ಅರ್ಧ ಮನೆಗಳಲ್ಲಿ ನಿಕಾಹ್ ಇಟ್ಟುಕೊಂಡಿದ್ದಾರೆ. ಈ ಹೊತ್ತಿನಲ್ಲಿ ಉರ್ದು ಕಾರ್ಡು ಕೂಡಿಸುವ ಸಾಫ್ಟ್‌ವೇರೇ ಮಲಗಿದರೆ ಪಾಷಾ ಪ್ರಿಂಟರ್ಸ್ ಬಾಗಿಲು ತೆಗೆದು ಮಾಡುವುದೇನು?

ತಪ್ಪು ಯಾರದೆಂದು ಹುಡುಕಬೇಕಾಗಿಲ್ಲ. ಸೊಸೆಯದು. ಹೋದ ವರ್ಷ ಹಳೆಯ ಕಂಪ್ಯೂಟರ್ ಸತ್ತಾಗ ಹೊಸ ವಿಂಡೋಸ್ ಗುಲ್‌ಕಾರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದನ್ನು ಮಾಡಿದ ಹೈದರಾಬಾದಿನ ಪುಣ್ಯಾತ್ಮ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಆಗ ಸೊಸೆ ಮೆಹ್ವಿಶ್ ಲಿನಕ್ಸ್ ಹಾಕಿ, ಅದರ ಮೇಲೆ ಲ್ಯಾಂಟರ್ನ್ ಎಂಬ ಪುಕ್ಕಟೆ ಸಾಧನವೊಂದನ್ನು ಕೂರಿಸಿದಳು. ನಾನು ಅದನ್ನು ಲಾಂದ್ರ ಎಂದೇ ಬರೆಯುತ್ತೇನೆ. ಹಳೆಯ ವಿಂಡೋಸ್ ಸಾಫ್ಟ್‌ವೇರಿಗೆ ‘ನೀನಿನ್ನೂ ವಿಂಡೋಸಿನಲ್ಲೇ ಇದ್ದೀಯ’ ಎಂದು ನಂಬಿಸುವುದು ಲಾಂದ್ರದ ಕೆಲಸ. ಮರೆವು ಬಂದ ಅಜ್ಜಿಗೆ ಮನೆಮಂದಿಯೆಲ್ಲ ಸೇರಿ ‘ಹೌದಜ್ಜಿ, ತಾತ ಈಗ ತಾನೇ ಮಾರ್ಕೆಟ್ಟಿಗೆ ಹೋದರು’ ಎನ್ನುವುದಿಲ್ಲವೇ, ಹಾಗೆ. ಅಜ್ಜಿ ಇಷ್ಟು ದಿನ ನಂಬಿದ್ದಳು. ಇವತ್ತು ನಂಬಲಿಲ್ಲ.

ಊಟಕ್ಕೆ ಕೂತಾಗ ಅವಳ ಗಂಡ, ನನ್ನ ಮಗ ಆದಿಲ್, ಸಮಯ ನೋಡಿ ಬಾಯಿಬಿಟ್ಟ. ಅವನು ಬಸ್ ನಿಲ್ದಾಣದ ಹತ್ತಿರ ಯಾರದೋ ಅಂಗಡಿಯ ಮೆಟ್ಟಿಲ ಮೇಲೆ ಮೊಬೈಲ್ ಕವರು ಮಾರುತ್ತಾನೆ. ಮಳೆ ಬಂದರೆ ಟಾರ್ಪಾಲು ಹಿಡಿದು ನಿಲ್ಲಬೇಕು.

“ಅಬ್ಬಾ, ಈಗ ಎಲ್ರೂ ವಾಟ್ಸಾಪಲ್ಲೇ ಕಾರ್ಡ್ ಕಳಿಸ್ತಾರೆ. ಅಂಗಡಿ ನನಗ್ ಕೊಡಿ. ರಂಜಾನ್‌ಗೆ ಮುಂಚೆ ಮಾಲು ಹಾಕ್ಕೊಂಡ್ರೆ ವರ್ಷದ ಅನ್ನ ಆಗುತ್ತೆ.”

ರೊಟ್ಟಿ ಬಡಿಸುತ್ತಿದ್ದ ಸೊಸೆಯ ಕೈ ನಿಂತಿತು. “ಮಾಮು, ನಾನು ಸರಿ ಮಾಡ್ತೀನಿ. ಸ್ವಲ್ಪ ಟೈಮ್ ಕೊಡಿ. ಪ್ರೆಸ್ ಮುಚ್ಬೇಡಿ.”

ಅವಳಿಗೆ ಈ ಪ್ರೆಸ್ಸಿನ ಹುಚ್ಚು ಯಾಕೋ ತಿಳಿಯದು. ಮಹದೇವಪುರದ ಯಾವುದೋ ಕಂಪನಿಯಲ್ಲಿ ಕೂತು ದೂರದ ಜನರ ಕಂಪ್ಯೂಟರ್ ದೂರುಗಳಿಗೆ ಫೋನಿನಲ್ಲಿ ಉತ್ತರ ಹೇಳುತ್ತಿದ್ದಳು. ಅದನ್ನು ಬಿಟ್ಟು ನನ್ನ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತಿದ್ದಾಳೆ, ಗಿರಾಕಿಗಳೊಂದಿಗೆ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಮಾತಾಡಿದ ಮಾತ್ರಕ್ಕೆ ಪ್ರೆಸ್ಸು ನಡೆಯುವುದಿಲ್ಲ.

ಅತ್ತ ದರಿ, ಇತ್ತ ಪುಲಿ. ಕೊನೆಗೆ ಮಾತು ಕೊಟ್ಟೆ: ರಂಜಾನಿಗೆ ಹದಿನೈದು ದಿನ ಮುಂಚೆ ಬರುವ ಶಬೆ ಬರಾತಿನ ಸಂಜೆಯೊಳಗೆ ಗುಲ್‌ಕಾರ್ ಎದ್ದು ಕೂತರೆ ಪ್ರೆಸ್ಸು ಪ್ರೆಸ್ಸಾಗಿಯೇ ಉಳಿಯುತ್ತದೆ, ಇಲ್ಲವಾದರೆ ಅಂಗಡಿ ಆದಿಲ್‌ನದು. ಅಹ್ಮದ್ ಪಾಷಾ ಕೊಟ್ಟ ಮಾತು ತಪ್ಪಿದ್ದಿಲ್ಲ. ಇಬ್ಬರೂ ಒಪ್ಪಿದರು.

ಜನವರಿ 7, ಬುಧವಾರ

ಲಾಂದ್ರಕ್ಕೆ ಹೋದ ವಾರ ಹೊಸ ಅಪ್‌ಡೇಟ್ ಬಂದಿತ್ತಂತೆ. ಅದೇ ಕಾರಣ ಇರಬೇಕೆಂದು ಸೊಸೆ ಹಳೆಯದನ್ನೇ ತಂದು ಕೂರಿಸಿದಳು. ಗುಲ್‌ಕಾರ್ ಮತ್ತೆ ಬಿತ್ತು. ಪ್ರಿಂಟರಿನ ವೈರು ಕಿತ್ತು ನೋಡಿದಳು, ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಒಂದು ವಿಷಯ ಮಾತ್ರ ಖಡಾಖಂಡಿತವಾಗಿ ಹೇಳಿದೆ. “ಏನ್ ಬೇಕಾದ್ರೂ ಕೆದಕು. ಬರ್ಕತ್ ಮಾತ್ರ ಮುಟ್ಬೇಡ. ಒಂದು ಫೈಲೂ ಆಚೀಚೆ ಆಗಬಾರದು.”

ಬರ್ಕತ್ ಎಂಬುದು ಗುಲ್‌ಕಾರಿನ ಫೋಲ್ಡರು. ಅದಕ್ಕಿರುವುದೇ ಅದೊಂದು. ಇಪ್ಪತ್ತೈದು ವರ್ಷಕ್ಕೂ ಮೇಲಾಗಿ ನಾನು ಕೂಡಿಸಿದ ಪ್ರತಿ ನಿಕಾಹ್ ಕಾರ್ಡೂ ಅದರಲ್ಲಿದೆ, ಹೆಣ್ಣಿನ ಕಡೆಯದೊಂದು, ಗಂಡಿನ ಕಡೆಯದೊಂದು. ಸೀಸದ ಮೊಳೆಗಳ ಕಾಲದಲ್ಲಿ ನನ್ನ ಉಸ್ತಾದರು ವಲೀಮಾ ಊಟ ಮುಗಿಯುವವರೆಗೆ ಆ ಮದುವೆಯ ಮೊಳೆಗಳನ್ನು ಬಿಚ್ಚಲು ಬಿಡುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಬಿಚ್ಚುವ ಅಗತ್ಯವೇ ಇಲ್ಲ, ಮತ್ತೆ ಯಾಕೆ ಬಿಚ್ಚಬೇಕು? ಒಮ್ಮೆ ಮೊಹ್ಸಿನ್ ಎಂಬ ಆಪರೇಟರು ಜಾಗ ಸಾಲದೆಂದು ಒಂದು ಜೋಡಿಯ ಕಾರ್ಡು ಅಳಿಸಿಬಿಟ್ಟ. ವರ್ಷ ತುಂಬುವುದರೊಳಗೆ ಆ ಮದುವೆ ಮುರಿಯಿತು. ಇದು ಮೂಢನಂಬಿಕೆ ಎಂದು ಆದಿಲ್ ನಗುತ್ತಾನೆ. ನಗಲಿ.

ಸೊಸೆ ನಗಲಿಲ್ಲ. “ಸರಿ ಮಾಮು” ಅಂದಳು, ಅಷ್ಟೇ.

ಜನವರಿ 8, ಗುರುವಾರ

ಬಿತ್ತು. ಬರೆಯುವುದಕ್ಕೆ ಬೇರೇನೂ ಇಲ್ಲ.

ಜನವರಿ 10, ಶನಿವಾರ

ಮಾಸ್ಕ್ ರಸ್ತೆಯ ಹಿಂದಿನ ಹಳೇ ಮನೆಯ ಇಮಾಮ್ ಬೀ ಬಂದಿದ್ದರು. ಮೊಮ್ಮಗಳ ನಿಕಾಹ್ ರಂಜಾನಿಗೆ ಮುಂಚೆ. ಆಕೆಯ ಮಗಳ ಕಾರ್ಡೂ ನನ್ನಲ್ಲೇ ಆದದ್ದು. ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇದೆ: ತಾಯಿಯ ಕಾರ್ಡಿನ ಅಂಚಿನ ಹೂಬಳ್ಳಿಯನ್ನೇ ಮಗಳ ಕಾರ್ಡಿಗೂ ಇಡುವುದು. ಯಾವಾಗ ಶುರುವಾಯಿತೋ ಗೊತ್ತಿಲ್ಲ. ಹೊಸೂರು, ಕೋಲಾರಕ್ಕೆ ಮದುವೆಯಾಗಿ ಹೋದವರೂ ಆ ಅಂಚಿಗಾಗಿ ಇಲ್ಲಿಗೇ ಬರುತ್ತಾರೆ. ಬರ್ಕತ್ ಇರುವುದು ಅದಕ್ಕೇ.

“ಬೇರೆ ಪ್ರೆಸ್ಸಲ್ಲಿ ಚಿನ್ನದ ಬಣ್ಣದ್ದು ಮಾಡಿಕೊಡ್ತಾರಂತೆ, ಪಾಷಾ ಭಾಯ್. ನನಗೆ ಅದು ಬೇಡ. ನನ್ ಮಗಳ ಹೂಬಳ್ಳೀನೇ ಬೇಕು,” ಅಂದರು ಇಮಾಮ್ ಬೀ.

ಗುಲ್‌ಕಾರ್ ಬಿದ್ದಿದೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಸೊಸೆ ಹೇಳಿದಳು. “ಶಬೆ ಬರಾತ್‌ವರೆಗೆ ಕಾಯ್ತೀರಾ ಅಮ್ಮಾ? ಅದು ಸರಿಯಾದ ತಕ್ಷಣ ಮೊದಲು ನಿಮ್ದೇ ಮಾಡೋದು.” ಇಮಾಮ್ ಬೀ ಕಾಯುವೆನೆಂದು ಒಪ್ಪಿದರು. ಸೊಸೆಯದು ಧೈರ್ಯ ಅಂದರೆ ಧೈರ್ಯ. ಇಲ್ಲದ ಕೋಳಿಗೆ ಮಸಾಲೆ ಅರೆಯುವುದು ಅಂತಲೂ ಅನ್ನಬಹುದು.

ಜನವರಿ 13, ಮಂಗಳವಾರ

ಲಾಂದ್ರ ಮಾಡಿದವರು ಯಾರು, ಅವರ ಕೊರಳಪಟ್ಟಿ ಹಿಡಿಯೋಣ ಎಂದರೆ ಅದಕ್ಕೆ ಮಾಲೀಕನೇ ಇಲ್ಲವಂತೆ. ಲೋಕದ ಬೇರೆ ಬೇರೆ ಊರುಗಳಲ್ಲಿ ಕೂತವರು ಬಿಡುವಾದಾಗ ಮಾಡುತ್ತಾರೆ, ಯಾರಿಗೂ ಸಂಬಳ ಇಲ್ಲ. ಅವರ ಜಾಲತಾಣದಲ್ಲಿ ದೂರು ಬರೆದರೆ ಯಾರಾದರೂ ಉತ್ತರಿಸಬಹುದು, ಉತ್ತರಿಸದೆಯೂ ಇರಬಹುದು. ಸಂಬಳ ತೆಗೆದುಕೊಂಡವರೇ ಕೆಲಸ ಮಾಡದ ಕಾಲದಲ್ಲಿ ಇದು ಆಗುವ ಮಾತೇ?

ಉತ್ತರ ಬಂದಿದೆ. ಬರೆದವನು ತನ್ನನ್ನು ಟರ್ನಿಪ್ ಎಂದು ಕರೆದುಕೊಳ್ಳುತ್ತಾನೆ. ಅಂದರೆ ನಮ್ಮ ರಸೆಲ್ ಮಾರ್ಕೆಟ್ಟಿನ ಶಲ್ಗಮ್. ತರಕಾರಿಯ ಹೆಸರಿಟ್ಟುಕೊಂಡವನ ಮೇಲೆ ನನ್ನ ಪ್ರೆಸ್ಸಿನ ಭವಿಷ್ಯ ನಿಂತಿದೆ.

ಶಲ್ಗಮ್ ಹೇಳಿದ್ದು ಇಷ್ಟು: ತನ್ನ ಕಂಪ್ಯೂಟರಿನಲ್ಲಿ ಇಂಥ ಸಾಫ್ಟ್‌ವೇರು ಬೀಳುತ್ತಿಲ್ಲ. ಬೀಳುವ ಮುಂಚೆ ಲಾಂದ್ರ ಏನೇನು ಮಾಡಿತೆಂದು ಅದೇ ಬರೆದಿಟ್ಟಿರುತ್ತದೆ, ಆ ಲಾಗ್ ಕಳಿಸಿ. ಸೊಸೆ ಕಳಿಸಿದಳು. ನಾನು ಇಣುಕಿದೆ, ಇರುವೆ ಸಾಲಿನ ಹಾಗೆ ಪುಟಗಟ್ಟಲೆ. ಅದನ್ನು ಅವನು ಪೂರ್ತಿ ಓದಿದನಂತೆ. ಓದಿ, ಯಾವ ಸಾಲಿನವರೆಗೆ ಎಲ್ಲ ಸರಿಯಾಗಿದೆ ಎಂದು ಗುರುತು ಹಾಕಿ ವಾಪಸು ಕಳಿಸಿದ್ದಾನೆ. ಮುಖ ನೋಡದವರ ಕೆಲಸಕ್ಕೆ ಇಷ್ಟು ತಾಳ್ಮೆ. ನನ್ನ ತಮ್ಮ ನನ್ನ ಪತ್ರವನ್ನು ಪೂರ್ತಿ ಓದುವುದಿಲ್ಲ.

ಜನವರಿ 16, ಶುಕ್ರವಾರ

ಜುಮಾ ನಮಾಜು ಮುಗಿಸಿ ಬಂದಾಗ ಮೆಹ್ವಿಶ್ ಫಾಂಟುಗಳನ್ನು ಜಾಲಾಡುತ್ತಿದ್ದಳು. ಅವುಗಳಲ್ಲಿ ಒಂದು ಕೆಟ್ಟಿದ್ದರೂ ಗುಲ್‌ಕಾರ್ ಬೀಳಬಹುದಂತೆ. ನನ್ನಲ್ಲಿ ಫಾಂಟುಗಳು ರಾಶಿ ಇವೆ. ಒಂದೊಂದೇ ತೆಗೆದು ನೋಡುತ್ತ ಕೂತರೆ ಮುಂದಿನ ಬಕ್ರೀದ್ ಬರುತ್ತದೆ ಎಂದೆ.

“ಒಂದೊಂದೇ ಯಾಕೆ ಮಾಮು? ಅರ್ಧ ತೆಗೀತೀನಿ. ಆಗ್ಲೂ ಬಿದ್ರೆ ತೊಂದರೆ ಉಳಿದ ಅರ್ಧದಲ್ಲಿದೆ ಅಂತ. ಅದ್ರಲ್ಲಿ ಮತ್ತೆ ಅರ್ಧ.”

ಶಾಮಿಯಾನದವರು ಸೀರಿಯಲ್ ಸೆಟ್ಟಿನಲ್ಲಿ ಕೆಟ್ಟ ಬಲ್ಬು ಹುಡುಕುವುದು ಹೀಗೇ. ಈ ಬುದ್ಧಿ ಲಿನಕ್ಸಿನದಲ್ಲ, ಮದುವೆ ಮನೆಯದು ಎಂದು ಅವಳಿಗೆ ಹೇಳಿದೆ. ನಕ್ಕಳು. ಫಾಂಟುಗಳೆಲ್ಲ ನೆಟ್ಟಗಿದ್ದವು. ಹಿಡಿದ ದಾರಿ ತಪ್ಪಾಯಿತಲ್ಲ ಎಂದು ನಾನು ಕನಿಕರ ಪಟ್ಟರೆ, “ಫಾಂಟ್ ಅಲ್ಲ ಅಂತ ಗೊತ್ತಾಯ್ತಲ್ಲ, ಒಂದು ಬಾಗಿಲು ಮುಚ್ಚಿದ ಹಾಗಾಯ್ತು” ಅಂದಳು. ಇಷ್ಟು ಸೋತರೂ ಮುಖ ಗಂಟು ಹಾಕದವರನ್ನು ನಾನು ಈ ಕಸುಬಿನಲ್ಲಿ ನೋಡಿದ್ದು ಕಡಿಮೆ. ಉಸ್ತಾದರು ಹಾಗಿದ್ದರು.

ಶಲ್ಗಮ್‌ಗೂ ಫಲಿತಾಂಶ ಬರೆದು ತಿಳಿಸಿದಳು. ಅವನು ಭಾನುವಾರ ಮಾತ್ರ ಈ ಕೆಲಸ ಮಾಡುತ್ತಾನಂತೆ, ಉಳಿದ ದಿನ ಹೊಟ್ಟೆಪಾಡಿಗೆ ಶಾಲಾಬಸ್ಸು ಓಡಿಸುತ್ತಾನೆ. ವಾರದ ಒಂದೇ ರಜೆಯಲ್ಲಿ ಶಿವಾಜಿನಗರದ ಮದುವೆ ಕಾರ್ಡಿಗೆ ತಲೆ ಕೊಡುತ್ತಿದ್ದಾನೆ.

ಜನವರಿ 21, ಬುಧವಾರ

ಇವತ್ತು ಆದಿಲ್ ಅಂಗಡಿಗೆ ಬಂದು ಶೆಲ್ಫು ಎಲ್ಲಿ ಕೂರಿಸಬೇಕೆಂದು ಗೋಡೆ ನೋಡುತ್ತಿದ್ದ. ಮೆಹ್ವಿಶ್ ಬ್ಯಾಂಕಿಗೆ ಹೋಗಿದ್ದಳು.

“ಅಬ್ಬಾ, ನಿಮಗ್ ಅವಳು ಹೇಳಿಲ್ವಾ? ರೋಗ ಏನಂತ ಅವಳಿಗೆ ಮೂರ್ನಾಲ್ಕು ದಿನದಿಂದ ಗೊತ್ತು. ನಿಮ್ ಬರ್ಕತ್ತೇ ರೋಗ. ಅದ್ರಲ್ಲಿ ಮದುವೆ ಜಾಸ್ತಿ ಆಗಿದೆ. ಎರಡು ಫೈಲ್ ಆಚೆ ಎಸೆದ್ರೆ ಇವತ್ತೇ ಓಡುತ್ತೆ. ಎರಡು ಫೈಲು, ಅದಕ್ಕೇನು? ನೀವ್ ಬೇಡ ಅಂದ್ರಿ ಅಂತ ಮುಟ್ತಿಲ್ಲ.”

ಅವಳು ಬಂದ ಮೇಲೆ ಕೇಳಿದೆ. ತಲೆ ತಗ್ಗಿಸಿದಳು.

“ಹೌದು ಮಾಮು. ನನ್ ಲ್ಯಾಪ್‌ಟಾಪಲ್ಲಿ ಬರ್ಕತ್‌ದು ನಕಲು ಮಾಡ್ಕೊಂಡು ನೋಡ್ದೆ. ಅಸಲಿಗೆ ಕೈ ಹಚ್ಚಿಲ್ಲ. ಅರ್ಧ ಹಾಕಿದ್ರೆ ಓಡುತ್ತೆ, ಪೂರ್ತಿ ಹಾಕಿದ್ರೆ ಬೀಳುತ್ತೆ. ಕೊನೇ ಜೋಡಿ ತೆಗೆದ್ರೆ ಎದ್ದು ಕೂರುತ್ತೆ. ಲಾಂದ್ರದಲ್ಲಿ ಫೈಲ್ ಎಣಿಸೋಕೆ ಇರೋ ಡಬ್ಬಿ ಚಿಕ್ಕದು. ಮೂವತ್ತೆರಡು ಸಾವಿರ ಚಿಲ್ಲರೆ ಆದ್ರೆ ತುಂಬಿಹೋಗುತ್ತೆ. ನಮಗೆ ಈ ತಿಂಗಳ ಮೊದಲಲ್ಲೇ ತುಂಬಿದೆ.”

ಹಾಗಾದರೆ ಜನವರಿ ಐದರ ಹಿಂದಿನ ದಿನ ನಾನು ಕೂಡಿಸಿದ ಕಾರ್ಡೇ ಕಾರಣ. ಒಂದು ಮದುವೆ ಹೆಚ್ಚಾಗಿ ಗುಲ್‌ಕಾರ್ ಬಿದ್ದದ್ದು. ಎಲ್ಲೂ ಯಾರಿಗೂ ಆಗಿರದ ತೊಂದರೆ ನನಗೇ ಯಾಕೆ ಆಯಿತೆಂದು ಈಗ ತಿಳಿಯಿತು. ಏನೂ ಅಳಿಸದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

“ನಂಗೆ ಹೇಳ್ದೆ ತೆಗೀಬಹುದಿತ್ತಲ್ಲ. ನನಗೆ ಗೊತ್ತಾಗ್ತಾನೇ ಇರ್ಲಿಲ್ಲ.”

“ಗೊತ್ತಾಗ್ತಿರ್ಲಿಲ್ಲ,” ಅಂದಳು. “ಆದ್ರೆ ನಾನು ಸರಿ ಅಂದಿದ್ದೆನಲ್ಲ.”

ಅಂಗಡಿ ಕೈಬಿಟ್ಟು ಹೋಗುತ್ತಿದೆ, ಉಳಿಸಿಕೊಳ್ಳಲು ಎರಡು ಸಲ ಬೆರಳು ಒತ್ತಿದರೆ ಸಾಕು, ಆದರೂ ಒತ್ತಲಿಲ್ಲ. ನನ್ನ ವಯಸ್ಸಿನಲ್ಲಿ ಬಹಳ ಜನರನ್ನು ನೋಡಿದ್ದೇನೆ. ಇಂಥವರನ್ನು ನೋಡಿರಲಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ಜನವರಿ 22, ಗುರುವಾರ

ಬೆಳಗ್ಗೆ ನಾನೇ ಹೇಳಿದೆ, ಒಂದು ಜೋಡಿ ತೆಗೆದುಬಿಡೋಣ ಅಂತ. ಯಾವುದನ್ನು ಎಂದು ಕೇಳಿದಳು. ಪಟ್ಟಿ ಮುಂದಿಟ್ಟುಕೊಂಡು ಕೂತೆ.

ತಲಾಖ್ ಆದವರದು ತೆಗೆಯೋಣ ಎಂದರೆ ಅವರ ಹುಡುಗಿಗೆ ನಾಳೆ ತಾಯಿಯ ಅಂಚು ಬೇಕಾಗುತ್ತದೆ. ತೀರಿಕೊಂಡವರದು ತೆಗೆಯಲು ಮನಸ್ಸು ಬರಲಿಲ್ಲ, ಅವರಿಗೆ ಉಳಿದಿರುವುದೇ ಅದು. ಕಾಗದದ ದುಡ್ಡಿಗೆ ನನ್ನೊಂದಿಗೆ ಜಗಳವಾಡಿದ ಟ್ಯಾನರಿ ರಸ್ತೆಯವನೊಬ್ಬನಿದ್ದಾನೆ, ಅವನದನ್ನು ತೆಗೆಯಲು ಕೈ ಹೋಯಿತು. ಅವನ ಹೆಂಡತಿ ಏನು ತಪ್ಪು ಮಾಡಿದ್ದಳು? ಮಧ್ಯಾಹ್ನದವರೆಗೆ ನೋಡಿ ಎದ್ದುಬಿಟ್ಟೆ.

“ಬಿಡಿ ಮಾಮು,” ಅಂದಳು ಮೆಹ್ವಿಶ್. “ಇವತ್ತು ಒಂದು ಜೋಡಿ ತೆಗೆದ್ರೆ ನಾಳೆ ಇನ್ನೊಂದು ತೆಗೀಬೇಕು. ನಮ್ ಮದುವೆಗಳು ಜಾಸ್ತಿ ಆಗಿಲ್ಲ. ಲಾಂದ್ರದ ಡಬ್ಬಿ ಚಿಕ್ಕದಾಗಿದೆ. ಡಬ್ಬೀನೇ ದೊಡ್ಡದು ಮಾಡಿಸೋಣ.”

ಜನವರಿ 24, ಶನಿವಾರ

ಇವತ್ತು ನಾನು ಮತ್ತು ಮೆಹ್ವಿಶ್ ಸೇರಿ ಸಾವಿರಾರು ಮದುವೆ ಮಾಡಿದೆವು.

ಶಲ್ಗಮ್ ತನ್ನ ಕಣ್ಣಾರೆ ಬೀಳುವುದನ್ನು ನೋಡದೆ ರಿಪೇರಿ ಮಾಡಲಾರ. ಬೀಳಿಸಲು ತುಂಬಿದ ಫೋಲ್ಡರು ಬೇಕು. ಊರಿನ ಹೆಣ್ಣುಮಕ್ಕಳ ಹೆಸರು, ಮನೆ ವಿಳಾಸ ಇರುವ ಕಾರ್ಡುಗಳನ್ನು ಕಾಣದ ದೇಶಕ್ಕೆ ಕಳಿಸುವುದು ಸಾಧ್ಯವಿಲ್ಲವೆಂದು ಅವಳೇ ತೀರ್ಮಾನಿಸಿದಳು. ಅದಕ್ಕೆ ಸುಳ್ಳು ಕಾರ್ಡುಗಳು. ಒಂದಷ್ಟು ಹೆಸರು ಕೊಟ್ಟರೆ ಜೋಡಿ ಮಾಡಿ ಫೋಲ್ಡರು ತುಂಬುವುದನ್ನು ಕಂಪ್ಯೂಟರೇ ಮಾಡುತ್ತದೆ. ಅವಳು ಮೊದಲು ಎಎಎ, ಬಿಬಿಬಿ ಎಂದು ಬರೆದಿದ್ದಳು. ಇದು ಮದುವೆಯೋ ಮೋಟಾರು ಬೈಕಿನ ನಂಬರೋ ಎಂದು ಗದರಿದೆ.

ಸುಳ್ಳು ನಿಕಾಹ್ ಬರೆಯುವುದು ಸರಿಯೇ ಎಂದು ಮೊದಲು ಮನಸ್ಸು ಕೊರೆಯಿತು. ಬಿಸ್ಮಿಲ್ಲಾ ಇಡಬಾರದು, ತಾರೀಖು ಹಾಕಬಾರದು, ಆಗ ಅದು ನಿಕಾಹ್ ಅಲ್ಲ ಎಂದು ತೀರ್ಮಾನಿಸಿ ಹೆಸರು ಹೇಳಲು ಕೂತೆ. ಕೂತ ಮೇಲೆ ಬಿಡಲಾಗಲಿಲ್ಲ. ಹಲಸೂರಿನ ಮರದ ವ್ಯಾಪಾರಿಯ ಮಗಳನ್ನು ಇಂದಿರಾನಗರದ ಸೋಮಾರಿಗೆ ಕೊಡಲು ನಾನು ಒಪ್ಪಲಿಲ್ಲ. “ಮಾಮು, ಇವರ್ಯಾರೂ ಇಲ್ವೇ ಇಲ್ಲ” ಎಂದು ಮೆಹ್ವಿಶ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲದಿದ್ದರೇನು, ಗೊತ್ತಿದ್ದೂ ಗೊತ್ತಿದ್ದೂ ಹುಡುಗಿಯನ್ನು ಬಾವಿಗೆ ತಳ್ಳಲೇ?

ಚಹಾ ಎರಡು ಸಲ ತಣ್ಣಗಾಯಿತು. ಬಹಳ ದಿನದ ಮೇಲೆ ಅಂಗಡಿಯಲ್ಲಿ ನಗು ಕೇಳಿಸಿತು. ಸಂಜೆ ಫೋಲ್ಡರು ಶಲ್ಗಮ್ ಸಾಹೇಬರಿಗೆ ಹೋಯಿತು.

ಜನವರಿ 26, ಸೋಮವಾರ

ಬಿದ್ದಿತಂತೆ! ಅವರ ಕಂಪ್ಯೂಟರಿನಲ್ಲೂ ಬಿದ್ದಿತಂತೆ. ಬಿದ್ದದ್ದಕ್ಕೆ ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು. ಇಷ್ಟು ಸ್ಪಷ್ಟವಾದ ದೂರು ತಮಗೆ ಒಂದು ವರ್ಷದಿಂದ ಯಾರೂ ಕಳಿಸಿಲ್ಲ ಎಂದು ಶಲ್ಗಮ್ ಸಾಹೇಬರು ಬರೆದಿದ್ದಾರೆ. ಮೆಹ್ವಿಶ್ ಅದನ್ನು ಓದಿ ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ಎದುರಿನ ಅತ್ತರ್ ಅಂಗಡಿಯ ಅಕ್ತರ್‌ನನ್ನು ಕರೆದು ಆ ಸಾಲನ್ನು ಮತ್ತೊಮ್ಮೆ ಓದಿಸಿದೆ. ಅವನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಮಾಷಾ ಅಲ್ಲಾ ಅಂದ.

ಫೆಬ್ರವರಿ 1, ಭಾನುವಾರ

ರಿಪೇರಿ ಬರೆದಾಗಿದೆ, ಆದರೆ ಕೈಗೆ ಬಂದಿಲ್ಲ. ಲಾಂದ್ರದಲ್ಲಿ ಒಬ್ಬರು ಬದಲಿಸಿದ್ದನ್ನು ಇನ್ನಿಬ್ಬರು ನೋಡಿ ಒಪ್ಪಬೇಕು. ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಡಬ್ಬಿ ದೊಡ್ಡದು ಮಾಡಿದರೆ ಬೇರೆಯವರ ಸಾಫ್ಟ್‌ವೇರಿಗೆ ತೊಂದರೆಯಾಗಬಹುದು, ಮುಂದಿನ ಭಾನುವಾರ ಮತ್ತೆ ಪರೀಕ್ಷಿಸೋಣ ಎಂದಿದ್ದಾರೆ. ಅರ್ಧಂಬರ್ಧ ರಿಪೇರಿಯನ್ನು ಕೊಡಲಾರೆ, ಕ್ಷಮಿಸಿ ಎಂದು ಶಲ್ಗಮ್ ಸಾಹೇಬರು ಬರೆದಿದ್ದಾರೆ.

ಅವರು ಮಾಡಿದ್ದು ಸರಿ. ಪ್ರೂಫು ಎರಡು ಸಲ ನೋಡದೆ ಅಚ್ಚಿಗೆ ಬಿಡುವವನು ಪ್ರಿಂಟರೇ ಅಲ್ಲ. ಆದರೆ ಶಬೆ ಬರಾತ್ ಮಂಗಳವಾರ. ಮೆಹ್ವಿಶ್ ಇವತ್ತು ಊಟ ಮಾಡಲಿಲ್ಲ. ಮಾತು ಕೊಟ್ಟವನು ನಾನು, ತಪ್ಪುವ ಹಾಗಿಲ್ಲ.

ಫೆಬ್ರವರಿ 3, ಮಂಗಳವಾರ, ಶಬೆ ಬರಾತ್

ಮರೆಯುವ ಮುಂಚೆ ಎಲ್ಲ ಬರೆದುಬಿಡಬೇಕು.

ಸಾಯಂಕಾಲದ ಅಸರ್ ನಮಾಜಿನ ನಂತರ ಇಮಾಮ್ ಬೀ ಹಲ್ವಾ ಡಬ್ಬಿ ಹಿಡಿದು ಕಾರ್ಡು ಕೇಳಲು ಬಂದರು. ಅವರ ಹಿಂದೆಯೇ ಆದಿಲ್ ಅಳತೆ ಟೇಪು ಹಿಡಿದು ಬಂದ. ಪಾಪ, ಅವನು ಬಾಗಿಲಲ್ಲೇ ನಿಂತ. ಗುಲ್‌ಕಾರ್ ತೆರೆದೆವು, ಬಿತ್ತು. ಇಮಾಮ್ ಬೀ ಸ್ಟೂಲಿನ ಮೇಲೆ ಕುಸಿದು ಕೂತರು.

ನನ್ನಿಂದ ನೋಡಲಾಗಲಿಲ್ಲ. “ಮೆಹ್ವಿಶ್, ಒಂದು ಜೋಡಿ ಆಚೆ ಇಡು. ನಾನೇ ಹೇಳ್ತಿದೀನಿ.”

“ಯಾವುದು ಮಾಮು?”

ಈ ಸಲವೂ ನನಗೆ ಆರಿಸಲಾಗಲಿಲ್ಲ. ಅವಳು ಕೀಬೋರ್ಡಿನ ಕಡೆ ತಿರುಗಿದಳು. “ಬೇರೆಯವರದು ನಾವ್ಯಾಕೆ ಮುಟ್ಬೇಕು? ನಮ್ದೇ ಇಡ್ತೀನಿ.”

ಒತ್ತಿದಳು. ಮತ್ತೆ ಒತ್ತಿದಳು. ಗುಲ್‌ಕಾರ್ ತೆರೆಯಿತು, ಎಡಗಡೆ ಮದುವೆಗಳ ಪಟ್ಟಿ ಸರಸರನೆ ಇಳಿಯಿತು. ಒಂದು ತಿಂಗಳಿಂದ ಕಾಣದ ಮುಖ. ಆದರೆ ನಾನು ನೋಡುತ್ತಿದ್ದದ್ದು ಅದನ್ನಲ್ಲ.

“ನಮ್ದು ಅಂದ್ರೆ ಯಾರ್ದು?” ಎಂದು ಕೇಳಿದ ಆದಿಲ್.

“ನಿಮ್ದು, ನಂದು.”

“ತೌಬಾ,” ಅಂದರು ಇಮಾಮ್ ಬೀ. “ಶಬೆ ಬರಾತಿನ ದಿನಾನೇ? ಮುಂದಿನ ವರ್ಷದ ಹಣೆಬರಹ ಬರೆಯೋ ರಾತ್ರಿ ಕಣಮ್ಮಾ ಇದು.”

ಮೂಢನಂಬಿಕೆ ಎಂದು ನಗುತ್ತಿದ್ದ ನನ್ನ ಮಗ ಟೇಪನ್ನು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು. “ನಮ್ದೇ ಯಾಕೆ ಬೇಕಾಗಿತ್ತು?”

“ನೀವೇ ಹೇಳಿದ್ರಲ್ಲ, ಎರಡು ಫೈಲು, ಅದಕ್ಕೇನು ಅಂತ,” ಅಂದಳು ಮೆಹ್ವಿಶ್. ತಿರುಗಿ ನೋಡಲಿಲ್ಲ. ಇಮಾಮ್ ಬೀಯ ಮಗಳ ಕಾರ್ಡು ತೆರೆದು, ಆ ಹೂಬಳ್ಳಿಯ ಒಳಗೆ ಮೊಮ್ಮಗಳ ಹೆಸರು ಕೂಡಿಸತೊಡಗಿದಳು. ಹೊಸದನ್ನು ಒಳಗೆ ಉಳಿಸಿದರೆ ಎಣಿಕೆ ಮತ್ತೆ ತುಂಬುತ್ತದೆ, ಅದಕ್ಕೆ ಬರ್ಕತ್‌ನ ಹೊರಗೇ ಇಟ್ಟು ಸೀದಾ ಅಚ್ಚಿಗೆ ಬಿಟ್ಟಳು. ಅಕ್ಷರದ ಒಂದು ನುಕ್ತೆ, ಒಂದು ಚುಕ್ಕೆಯೂ ತಪ್ಪಲಿಲ್ಲ. ಅಷ್ಟು ಹೊತ್ತೂ ಆದಿಲ್ ಅವಳ ಕುರ್ಚಿಯ ಹಿಂದೆ ನಿಂತು ಕಿಟಕಿಯಲ್ಲಿ ಬೆಳಕು ಎಷ್ಟಿದೆ ಎಂದು ನೋಡುತ್ತಿದ್ದ. ಇಮಾಮ್ ಬೀ ಪ್ರೂಫು ಹಿಡಿದು ಹೂಬಳ್ಳಿಯ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿತ್ತು, ನನ್ನದೂ.

ಅವರು ಹೊರಟ ಕೂಡಲೇ ಆದಿಲ್ ಕೇಳಿದ. “ಕೆಲಸ ಆಯ್ತಲ್ಲ? ಈಗ ನಮ್ದು ವಾಪಸ್ ಹಾಕು.”

“ಹಾಕಿದ್ರೆ ಮತ್ತೆ ಬೀಳುತ್ತೆ. ಬಿದ್ರೆ ಅಂಗಡಿ ನಿಮ್ದು. ಮಾಮು ಮಾತು ಕೊಟ್ಟಿದಾರೆ.”

“ಬಿದ್ರೆ ಬೀಳ್ಲಿ. ಕತ್ತಲಾಗೋ ಮುಂಚೆ ಹಾಕು.”

“ಅಂಗಡಿ?”

“ಅಂಗಡಿ ಎಲ್ಲಿಗ್ ಹೋಗುತ್ತೆ? ಆ ಶಲ್ಗಮ್‌ದು ಬರೋವರೆಗೂ ಇರ್ಲಿ ಹಿಂಗೇ. ನೀನ್ ಮೊದ್ಲು ಹಾಕು.” ದನಿಯಲ್ಲಿ ಬೇಡಿಕೆ ಇತ್ತು. ನನ್ನ ಮಗನ ಬಾಯಲ್ಲಿ ಅಂಥ ದನಿ ಕೇಳಿ ಎಷ್ಟು ವರ್ಷವಾಗಿತ್ತೋ.

ಅವಳು ಹಾಕಿದಳು. ಗುಲ್‌ಕಾರ್ ಬಿತ್ತು. ಆದಿಲ್ ಉಸಿರು ಬಿಟ್ಟ.

ಅವನು ಹೋದ ಮೇಲೆ ಕೇಳಿದೆ, ನಿನಗೆ ಹೆದರಿಕೆಯಾಗಲಿಲ್ಲವೇ ಎಂದು. “ಆಯ್ತು ಮಾಮು. ಅದಕ್ಕೇ ಅವರ ಕಡೆ ತಿರುಗ್ಲಿಲ್ಲ.” ಅಂದಳು. ಖಬರಸ್ತಾನಿಗೆ ಹೋಗಿ ಉಸ್ತಾದರ ಸಮಾಧಿಯ ಹತ್ತಿರ ಫಾತಿಹಾ ಓದಿ ಬಂದೆ. ಅವರಿಗೆ ಇವಳ ವಿಷಯ ಹೇಳಿದೆ.

ಫೆಬ್ರವರಿ 5, ಗುರುವಾರ

ಆದಿಲ್ ದಿನಕ್ಕೆರಡು ಸಲ ಬಂದು ಶಲ್ಗಮ್ ಉತ್ತರಿಸಿದನೇ ಎಂದು ಕೇಳುತ್ತಾನೆ. ಸಾಹೇಬರು ಅನ್ನು ಎಂದು ತಿದ್ದಿದೆ.

ಫೆಬ್ರವರಿ 8, ಭಾನುವಾರ

ಮಧ್ಯಾಹ್ನ ರಿಪೇರಿ ಬಂತು. ಎರಡನೆಯವರೂ ಒಪ್ಪಿದ್ದಾರೆ. ನಮ್ಮ ಸುಳ್ಳು ಮದುವೆಗಳನ್ನು ಲಾಂದ್ರದ ಪರೀಕ್ಷೆಗಳೊಳಗೆ ಸೇರಿಸಿಕೊಂಡಿದ್ದಾರಂತೆ. ಇನ್ನು ಮುಂದೆ ಲೋಕದಲ್ಲಿ ಯಾರೇ ಲಾಂದ್ರವನ್ನು ಬದಲಿಸಲಿ, ಮೊದಲು ಹಲಸೂರಿನ ಮರದ ವ್ಯಾಪಾರಿಯ ಮಗಳ ಮದುವೆ ಸಾಂಗವಾಗಿ ನಡೆಯಬೇಕು. ತೊಂದರೆ ಹುಡುಕಿಕೊಟ್ಟವರು ಯಾರೆಂದು ಬರೆಯಬೇಕು, ಹೆಸರು ತಿಳಿಸಿ ಎಂದು ಕೇಳಿದ್ದರು. ಮೆಹ್ವಿಶ್ ನನ್ನ ಹೆಸರು ಬರೆಯಲು ಹೋದಳು. ನಾನು ಕೀಬೋರ್ಡಿಗೆ ಕೈ ಅಡ್ಡ ಇಟ್ಟು, ಮೆಹ್ವಿಶ್, ಪಾಷಾ ಪ್ರಿಂಟರ್ಸ್, ಶಿವಾಜಿನಗರ ಎಂದು ಬರೆಸಿದೆ.

ಅಂಗಡಿಯ ಮುಂದಿನ ಕಟ್ಟೆಯನ್ನು ರಂಜಾನಿಗೆ ಆದಿಲ್‌ನ ಕವರುಗಳಿಗೆ ಬಿಡೋಣ ಅಂದಳು. ನನಗೆ ಹೊಳೆದಿರಲಿಲ್ಲ. ಅವಳು ಹೇಳಿದ ಮೇಲೆ ಆಯಿತು.

ಸಂಜೆ ಹೊಸ ಲಾಂದ್ರ ಕೂರಿಸಿದಳು. ಆದಿಲ್ ತನ್ನ ಗಿರಾಕಿಗಳನ್ನು ಬಿಟ್ಟು ಬಂದು ನಿಂತಿದ್ದ. ಗುಲ್‌ಕಾರ್ ತೆರೆಯಿತು, ಎಲ್ಲರೂ ಒಳಗಿದ್ದಾರೆ, ಯಾರೂ ಹೊರಗಿಲ್ಲ. ಹೊರಗೆ ಕಾದಿದ್ದ ಇಮಾಮ್ ಬೀಯ ಮೊಮ್ಮಗಳ ಜೋಡಿಯನ್ನೂ ಬರ್ಕತ್‌ಗೆ ಸೇರಿಸಿ, ಮುಚ್ಚಿ, ಮತ್ತೆ ತೆರೆದಳು. ಬೀಳಲಿಲ್ಲ. ಇನ್ನು ಎಷ್ಟು ಮದುವೆಯಾದರೂ ಆಗಲಿ.

ಆದಿಲ್ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ತಮ್ಮಿಬ್ಬರ ಹೆಸರು ಹುಡುಕಿದ. ಸಿಕ್ಕಿತು. ಬೆರಳು ತೆಗೆಯದೆಯೇ, “ಇನ್ನೊಂದ್ ಸಲ ಮುಚ್ಚಿ ತೆರೆದು ತೋರಿಸು” ಅಂದ. ಮೆಹ್ವಿಶ್ ತೋರಿಸಿದಳು.